ಬಿಳಿ ಐದರ ಕೊಳಲು

ನಮ್ಮ ಅಡುಗೆಮನೆಯ ಕಿಟಕಿ ಪರದೆಯನ್ನು ಹೊತ್ತಿರುವ ಕೋಲನ್ನು ಹತ್ತಿರ ಹೋಗಿ ನೋಡಿದರೆ ಅದರಲ್ಲಿ ಏಳು ತೂತುಗಳು ಕಾಣುತ್ತವೆ. ಚಹಾ ಕುಡಿದ ಲೋಟವನ್ನು ತಾವೇ ಸಿಂಕಿನಲ್ಲಿ ಇಡುವಷ್ಟು ಸಲುಗೆ ಇರುವವರ ಕಣ್ಣಿಗೆ ಮಾತ್ರ ಅದು ಬೀಳುತ್ತದೆ. ನೋಡಿದವರು ಮೊದಲು ನಗುತ್ತಾರೆ, ಆಮೇಲೆ ಇದೇನು ಕಥೆ ಎಂದು ಕೇಳುತ್ತಾರೆ. ಅದಕ್ಕೇ ಕಾದಿದ್ದವಳಂತೆ ನಾನು ಒಲೆಯ ಮೇಲೆ ಮತ್ತೊಂದು ಸುತ್ತು ಚಹಾಕ್ಕೆ ಇಡುತ್ತೇನೆ. ಏಕೆಂದರೆ ಇದು ನಾನು ಗೆದ್ದ ಕಥೆ. ಅರವತ್ತೊಂದು ವರ್ಷದ ಬದುಕಿನಲ್ಲಿ ನಾನು ಗೆದ್ದ ಕಥೆಗಳು ಹೆಚ್ಚಿಲ್ಲ. ಇರುವ ಒಂದನ್ನು ಹೇಳುವಾಗ ಅವಸರ ಮಾಡುವ ಹೆಂಗಸು ನಾನಲ್ಲ.

ಆ ಕೊಳಲು ಮನೆಗೆ ಬಂದದ್ದು ಇಲ್ಲಿಯ, ಹೈದರಾಬಾದಿನ, ನಾಂಪಲ್ಲಿಯಿಂದ. ಪ್ರತಿ ಜನವರಿಯಲ್ಲಿ ನಾವು ಗಂಡಹೆಂಡತಿ ಅಲ್ಲಿಯ ದೊಡ್ಡ ವಸ್ತುಪ್ರದರ್ಶನವಾದ ನುಮಾಯಿಷ್‌ಗೆ ಹೋಗುವುದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ನಮ್ಮವರು ಒಣಹಣ್ಣಿನ ಅಂಗಡಿಗಳ ಮುಂದೆ ರುಚಿ ನೋಡುತ್ತ ನೋಡುತ್ತ ಏನೂ ಕೊಳ್ಳದೆ ಮುಂದೆ ಸಾಗುತ್ತಾರೆ. ನಾನು ಮನೆಯಲ್ಲಿ ಮೂರಿರುವ ತುರಿಮಣೆಯನ್ನು ನಾಲ್ಕನೆಯ ಸಲ ಕೊಳ್ಳುತ್ತೇನೆ. ನಾನು ನಿವೃತ್ತಳಾದ ವರ್ಷ, ಹಾಗೆ ತುರಿಮಣೆ ಹಿಡಿದು ಹೊರಗೆ ಬರುವಾಗ, ಗೇಟಿನ ಆಚೆ ಒಬ್ಬ ಮನುಷ್ಯ ಮುಳ್ಳುಹಂದಿಯಂತೆ ಮೈತುಂಬ ಕೊಳಲು ಚುಚ್ಚಿದ ಕಂಬ ಹಿಡಿದು ನಿಂತಿದ್ದ. ಒಂದು ಕೊಳಲನ್ನು ತೆಗೆದು ಊದುತ್ತಿದ್ದ. ಎಷ್ಟು ಚೆನ್ನಾಗಿ ಊದುತ್ತಿದ್ದನೆಂದರೆ, ಬಸ್ಸಿಗೆ ಓಡುತ್ತಿದ್ದವರೂ ಅರೆಗಳಿಗೆ ನಿಂತು ಹೋಗುತ್ತಿದ್ದರು. ಅವನು ಊದುತ್ತಿದ್ದ ಕೊಳಲನ್ನೇ ಕೊಡಬೇಕೆಂದು ಹಟ ಹಿಡಿದು ತಂದೆ. ಕೊಳಲು ನಮ್ಮ ಜೊತೆ ಬಂದರೂ ಮಾರಿದವನ ತುಟಿ ಅವನ ಹತ್ತಿರವೇ ಉಳಿಯುತ್ತದೆ ಎಂಬುದು ಮನೆಗೆ ಬಂದ ಮೇಲೆ ತಿಳಿಯುವ ವಿಷಯ.

ನಾಲ್ಕು ದಿನ ಬರೀ ಗಾಳಿ. ಐದನೆಯ ದಿನ ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಊದುತ್ತಿದ್ದಾಗ ಸಣ್ಣದೊಂದು ಸದ್ದು ಬಂತು. ಹೊರಗಿನಿಂದ ನಮ್ಮವರು, ಮೂರು ಸೀಟಿ ಆತು, ಗ್ಯಾಸ್ ಆರಸು ಎಂದರು. ನನ್ನ ಸಂಗೀತಕ್ಕೆ ಸಿಕ್ಕ ಮೊದಲ ವಿಮರ್ಶೆ ಅದು.

ನಾನು ಯಾಕೆ ಕೊಳಲಿಗೇ ಬಿದ್ದೆ ಎಂಬುದಕ್ಕೆ ಒಂದು ಕಾರಣವಿದೆ. ಗದಗಿನಲ್ಲಿ ನಾಲ್ಕನೆಯ ಇಯತ್ತೆ ಓದುವಾಗ ಪ್ರಾರ್ಥನೆ ಹೇಳುವ ಹುಡುಗಿಯರ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದ್ದರು. ಎತ್ತರ ಇದ್ದೆ ಎಂಬುದಷ್ಟೇ ನನ್ನ ಅರ್ಹತೆ. ಎರಡನೆಯ ದಿನವೇ ಹಾಡು ಕಲಿಸುವ ಅಕ್ಕೋರು ಸಾಲಿನ ಉದ್ದಕ್ಕೂ ಕಿವಿಗೊಟ್ಟು ಬಂದು ನನ್ನ ಮುಂದೆ ನಿಂತರು. ನಿನಗ ಕಿವಿ ಇಲ್ಲ, ನೀ ಬರೇ ಬಾಯಿ ಆಡಸು, ದನಿ ತಗೀಬ್ಯಾಡ ಎಂದರು. ಬೈದು ಹೇಳಲಿಲ್ಲ, ಪಾಪ, ಔಷಧದ ಚೀಟಿ ಬರೆದುಕೊಟ್ಟ ಹಾಗೆ ಹೇಳಿದರು. ಆ ಚೀಟಿಯನ್ನು ನಾನು ಐವತ್ತು ವರ್ಷ ಪಾಲಿಸಿದೆ. ಕಾರ್ಖಾನೆಯಲ್ಲಿ ಧ್ವಜ ಹಾರಿಸುವಾಗ ಬರೀ ಬಾಯಿ ಆಡಿಸಿದೆ. ಮಂಗಳಾರತಿಗೆ ಬಾಯಿ ಆಡಿಸಿದೆ. ಮಗಳಿಗೆ ಜೋಗುಳ ಹಾಡಿದವಳೂ ಅಲ್ಲ. ಕಥೆ ಹೇಳಿ ಮಲಗಿಸಿದೆ. ಕೊಳಲಾದರೆ ಹಾಗಲ್ಲ ಎಂದು ನನ್ನ ಲೆಕ್ಕಾಚಾರ. ತೂತುಗಳನ್ನು ಇನ್ನಾರೋ ಕೊರೆದಿರುತ್ತಾರೆ, ಸ್ವರದ ಜವಾಬ್ದಾರಿ ಬಿದಿರಿನದು, ಬೆರಳೆತ್ತಿ ಇಳಿಸುವುದಷ್ಟೇ ನನ್ನ ಪಾಲಿನ ಕೆಲಸ.

ಕೆಲಸ ಎಂದಮೇಲೆ ಅದನ್ನೂ ಹೇಳಿಬಿಡುತ್ತೇನೆ. ರಕ್ಷಣಾ ಇಲಾಖೆಗೆ ಬಿಡಿಭಾಗ ಮಾಡುವ ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಮೂವತ್ಮೂರು ವರ್ಷ ಗೇಜ್ ರೂಮಿನಲ್ಲಿದ್ದೆ. ಉಳಿದವರು ಮಾಡಿದ ಭಾಗಗಳನ್ನು ಅಳೆಯುವ ಸಾಧನಗಳಿರುತ್ತವಲ್ಲ, ಆ ಸಾಧನಗಳು ಸರಿಯಾಗಿವೆಯೇ ಎಂದು ಅಳೆಯುವುದು ನನ್ನ ಕೆಲಸ. ಬಿಸಿಗೆ ಲೋಹ ಕೂದಲೆಳೆಯಷ್ಟು ಹಿಗ್ಗುತ್ತದೆಂದು ಆ ಕೋಣೆಯನ್ನು ಯಾವಾಗಲೂ ಇಪ್ಪತ್ತು ಡಿಗ್ರಿಯಲ್ಲಿ ಇಡುತ್ತಿದ್ದರು. ಹೈದರಾಬಾದಿನ ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಕೆಲಸ ಮಾಡಿದ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಎಲ್ಲರೂ ಗೇಜ್ ಮೇಡಂ ಎಂದೇ ಕರೆಯುತ್ತಿದ್ದರು. ಮಾಲತಿ ಎಂಬ ನನ್ನ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು.

ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿಗೆ ಭಾನುವಾರ ಕೊಳಲು ಕಲಿಸುವ ಮೇಷ್ಟರೊಬ್ಬರು ಬರುತ್ತಿದ್ದರು. ಅವರ ಹತ್ತಿರ ಸೇರಿದೆ. ನನ್ನ ನಾಂಪಲ್ಲಿ ಕೊಳಲನ್ನು ಅವರು ಒಮ್ಮೆ ಊದಿ, ಕೆಳಗಿಟ್ಟು, ಕರವಸ್ತ್ರದಿಂದ ತುಟಿ ಒರೆಸಿಕೊಂಡರು. ಅವರು ಊದಿದರೂ ಅದರ ಗಾಂಧಾರ ಮುರಿದ ಮೆಟ್ಟಿಲಿನಂತೆ ಕುಸಿಯುತ್ತಿತ್ತು. ತೂತುಗಳನ್ನು ಚೆಂದ ಕಾಣಲೆಂದು ಸಮ ಅಂತರದಲ್ಲಿ ಕೊರೆದಿದ್ದರು. ಸ್ವರಗಳು ಸಮ ಅಂತರದಲ್ಲಿ ಕೂಡುವುದಿಲ್ಲ ಎಂದು ಮೇಷ್ಟರು ತಿಳಿಸಿದರು. ಅವತ್ತು ಸಂಜೆಯೇ ಅದು ಪರದೆ ಕೋಲಾಯಿತು. ಪರದೆ ಮಾತ್ರ ಬಹಳ ಸಲೀಸಾಗಿ ಜಾರುತ್ತದೆ, ಆ ವಿಷಯದಲ್ಲಿ ದೂರಿಲ್ಲ.

ಬಿಳಿ ಐದರ ಕೊಳಲು ತರಿಸಿಕೊಳ್ಳಿ ಎಂದರು ಮೇಷ್ಟರು. ಅಂದರೆ ಹಾರ್ಮೋನಿಯಂನಲ್ಲಿ ಬೆರಳಿನಿಂದ ಒತ್ತುವ ಬಿಳಿ ಮನೆಗಳನ್ನು ಎಣಿಸುತ್ತ ಹೋದರೆ ಸಿಗುವ ಐದನೆಯದು ಯಾವುದೋ ಅದೇ ಈ ಕೊಳಲಿನ ಸಾ. ನಾನು ಹೋಗುತ್ತಿದ್ದ ಭಜನಾ ಮಂಡಳಿಯವರೂ ಬಿಳಿ ಐದರಲ್ಲೇ ಹಾಡುತ್ತಿದ್ದರು. ಮಂಡಳಿಯಲ್ಲಿ ನಾನೇನು ಮಾಡುತ್ತಿದ್ದೆ ಎಂದು ನೀವು ಕೇಳಬಾರದು. ಬಾಯಿ ಆಡಿಸುತ್ತಿದ್ದೆ.

ಈ ಎರಡನೆಯ ಕೊಳಲನ್ನು ಮಾಡಿದವಳು ಸಿಂಧು ಎಂಬ ತೆಲುಗು ಹುಡುಗಿ. ಮಾದಾಪುರದ ಕಂಪನಿಯೊಂದರಲ್ಲಿ ಇಂಜಿನಿಯರ್, ಶನಿವಾರ ಭಾನುವಾರ ಬಾಲ್ಕನಿಯಲ್ಲಿ ಕುಳಿತು ಕೊಳಲು ಕೊರೆಯುತ್ತಾಳೆ. ಮೇಷ್ಟರು ಕೊಟ್ಟ ವಿಳಾಸ ಹಿಡಿದು ಹೋದಾಗ ಬಾಗಿಲು ತೆರೆದವಳ ಕೈಯಲ್ಲಿ ಅಳತೆಯ ವರ್ನಿಯರ್ ಇತ್ತು. ನನಗೆ ತವರಿನವರನ್ನು ಕಂಡಂತಾಯಿತು. ಬಿದಿರಿನ ಒಳಗಿನ ಅಗಲವನ್ನು ಮೂರು ಕಡೆ ಅಳೆದು, ಗೋಡೆಯ ದಪ್ಪ ಅಳೆದು, ಲ್ಯಾಪ್‌ಟಾಪಿಗೆ ಕೊಟ್ಟರೆ ಯಾವ ತೂತು ಎಲ್ಲಿ, ಎಷ್ಟು ಅಗಲ ಎಂದು ಅದು ಹೇಳುತ್ತದೆ. ಅವಳು ವರ್ನಿಯರ್ ಹಿಡಿಯುವ ರೀತಿಯಲ್ಲಿ ಸಣ್ಣ ತಪ್ಪಿತ್ತು, ತಿದ್ದಿದೆ. ಅವಳು ಸಂತೋಷದಿಂದ ತಿದ್ದಿಸಿಕೊಂಡಳು. ಎರಡು ವಾರದಲ್ಲಿ ಕೊಳಲು ಸಿದ್ಧವಾಯಿತು. ಫೋನಿನಲ್ಲಿ ಸ್ವರ ತೋರಿಸುವ ಸೂಜಿಯ ಮುಂದೆ ಅವಳು ಒಂದೊಂದೇ ಸ್ವರ ಊದಿದಳು. ಸೂಜಿ ನಟ್ಟನಡುವೆ ನಿಂತುಕೊಂಡಿತು, ಏಳಕ್ಕೆ ಏಳೂ ಸ್ವರ.

ನಾಲ್ಕು ತಿಂಗಳು ಬೆಳಗ್ಗೆ ಸಂಜೆ ಸಾಧನೆ ಮಾಡಿದೆ. ನನ್ನ ಬಾಯಿಯಿಂದಲೂ ಸೂಜಿ ನಡುವಿಗೆ ಬರತೊಡಗಿತು. ನಮ್ಮವರು ಕುಕ್ಕರಿನ ಮಾತು ನಿಲ್ಲಿಸಿದರು. ಒಂದು ದಿನ ಪೇಪರ್ ಓದುತ್ತ ಕಾಲು ಅಲ್ಲಾಡಿಸುತ್ತಿರುವುದನ್ನೂ ಕಂಡೆ. ಧೈರ್ಯ ಬಂದು ಮಂಡಳಿಯ ಪದ್ಮಾವತಿಬಾಯಿಯವರಿಗೆ, ಈ ಸಲ ಇಲ್ಲಿಯ ಕನ್ನಡಿಗರ ಸಂಘದ ವಾರ್ಷಿಕ ಕಾರ್ಯಕ್ರಮಕ್ಕೆ ನಾನು ಕೊಳಲು ನುಡಿಸಲೇ ಎಂದು ಕೇಳಿದೆ. ಅವರು ಬಹಳ ಖುಷಿಯಿಂದ ಒಪ್ಪಿದರು.

ಪದ್ಮಾವತಿಬಾಯಿ ರಾಯಚೂರಿನವರು, ನನಗಿಂತ ಎಂಟು ವರ್ಷ ದೊಡ್ಡವರು. ಮಂಡಳಿ ಕೂಡುವುದು ಗುರುವಾರ ಅವರ ಮನೆಯಲ್ಲಿ. ಹಾರ್ಮೋನಿಯಂ ನುಡಿಸುವವರೂ ಅವರೇ. ಅದು ಅವರ ತಂದೆಯ ಪೆಟ್ಟಿಗೆ. ತಂದೆ ರಾಯಚೂರಿನಲ್ಲಿ ಭಜನೆ ನಡೆಸುತ್ತಿದ್ದವರು, ತೀರಿಕೊಳ್ಳುವ ಮುಂಚೆ ಅದನ್ನು ಗಂಡುಮಕ್ಕಳಿಗೆ ಕೊಡದೆ ಇವರಿಗೆ ಕೊಟ್ಟಿದ್ದರು. ಅದರ ಮುಚ್ಚಳ ತೆಗೆಯುವಾಗ ನಾವು ಹನ್ನೆರಡು ಹೆಂಗಸರೂ ಮಾತು ನಿಲ್ಲಿಸುತ್ತಿದ್ದೆವು. ದಸರೆಯಲ್ಲಿ ಅದಕ್ಕೆ ಅರಿಸಿನ ಕುಂಕುಮ, ಹೂವು, ಎಣ್ಣೆಯ ದೀಪ.

ಮೊದಲ ಗುರುವಾರ ನಾನು ಕೊಳಲೆತ್ತಿ ಸಾ ಹಿಡಿದೆ. ಪೆಟ್ಟಿಗೆಯ ಸಾ ಒಂದು ಕಡೆ, ನನ್ನ ಸಾ ಇನ್ನೊಂದು ಕಡೆ. ಎರಡರ ನಡುವಿನ ಅಂತರ ಹಲ್ಲಿನ ಸಂದಿಯಲ್ಲಿ ಸಿಕ್ಕ ಎಳೆಯಷ್ಟು, ಆದರೆ ಹಾಗೆಯೇ ಕಾಡುವಂಥದ್ದು. ಪಂಚಮಕ್ಕೆ ಹೋದಾಗ ಇನ್ನೂ ಕೆಟ್ಟಿತು. ಎಳೆಯ ಹೆಂಗಸೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗಾಬರಿಗೆ ಹೀಗಾಯಿತೆಂದು ಮುಂದಿನ ವಾರದ ತನಕ ಎರಡರಷ್ಟು ಸಾಧನೆ ಮಾಡಿ ಹೋದೆ. ಅದೇ ಕಥೆ. ಹಾಡು ಮುಗಿದ ಮೇಲೆ ಪದ್ಮಾವತಿಬಾಯಿ ನನ್ನನ್ನು ಬಾಗಿಲ ತನಕ ಕಳಿಸಲು ಬಂದು, ಮೆಲ್ಲಗೆ ಹೇಳಿದರು.

“ಮಾಲತಿಬಾಯಿ, ಈ ಸಲ ನೀವು ತಾಳಾ ಹಿಡೀರಿ. ಕೊಳಲು ಮುಂದಿನ ವರ್ಷ ನೋಡೂಣು. ಬ್ಯಾಸರಾ ಮಾಡ್ಕೋಬ್ಯಾಡ್ರಿ.”

ಬೇಸರವಲ್ಲ, ಮೆಟ್ಟಿಲಿಳಿಯುವಾಗ ನನಗೆ ಮತ್ತೆ ಒಂಬತ್ತು ವರ್ಷ ವಯಸ್ಸಾಗಿತ್ತು. ಮನೆಗೆ ಬಂದು ಕೊಳಲನ್ನು ಚೀಲದಲ್ಲಿ ಕಟ್ಟಿ ಬೀರುವಿನ ಮೇಲಿಟ್ಟೆ. ಎರಡು ದಿನ ನಾನು ಊದದಿರುವುದನ್ನು ನೋಡಿ ನಮ್ಮವರು ಕಾರಣ ಕೇಳಿದರು. ಹೇಳಿದೆ. ಸಮಾಧಾನ ಹೇಳಿ ಗೊತ್ತಿರುವ ಮನುಷ್ಯರಲ್ಲ ಅವರು. ಪುರಾನಾಪುಲ್ ಸೇತುವೆಯ ಆಚೆ ಒಬ್ಬ ಹಳೆಯ ಕೊಳಲು ಮಾಡುವವರಿದ್ದಾರಂತೆ, ಅವರಿಗೂ ಒಮ್ಮೆ ತೋರಿಸಿಕೊಂಡು ಬಾ ಎಂದರು. ವಿಚಾರಿಸಿ ತಿಳಿದುಕೊಂಡಿದ್ದರು ಎಂದಾಯಿತು. ನಮ್ಮವರು ನನ್ನ ಸಂಗೀತದ ಪರವಾಗಿ ಯಾರನ್ನೋ ಏನನ್ನೋ ವಿಚಾರಿಸಿದ್ದರು ಎಂಬುದೇ ನನ್ನನ್ನು ಮನೆಯಿಂದ ಎಬ್ಬಿಸಿತು.

ಮೆಟ್ರೋದಲ್ಲಿ ಹೊರಟೆ. ತಪಾಸಣೆಯ ಯಂತ್ರದಲ್ಲಿ ನನ್ನ ಚೀಲ ಹೋದಾಗ ಕಾವಲಿನ ಹೆಂಗಸು ಪರದೆ ನೋಡಿ, ಒಳಗಿನ ಕೊಳವೆ ಏನು ಎಂದು ಕೇಳಿದಳು. ಬಾಂಸುರಿ ಎಂದೆ. ನಂಬಿಕೆಯಾಗಲಿಲ್ಲವೋ, ಅಥವಾ ಬೆಳಗಿನಿಂದ ಚೀಲ ನೋಡಿ ನೋಡಿ ಸಾಕಾಗಿತ್ತೋ, ಊದಿ ತೋರಿಸಿ ಎಂದಳು. ಹಿಂದೆ ಆಫೀಸಿಗೆ ಹೋಗುವವರ ಸಾಲು. ನಿಂತು ಸರಿಗಮ ಊದಿದೆ. ಅವಳು ಕೊನೆಯ ತನಕ ಕೇಳಿ, ಚೀಲ ಕೈಗೆ ಕೊಟ್ಟು, ಅಚ್ಛಾ ಹೈ ಎಂದಳು. ನನ್ನ ಎರಡನೆಯ ವಿಮರ್ಶೆ. ಮೊದಲನೆಯದಕ್ಕಿಂತ ಬಹಳ ಉತ್ತಮ.

ಆ ಕೊಳಲು ಮಾಡುವ ಮೆಹಬೂಬ್ ಸಾಬರ ಅಂಗಡಿ ಎಂದರೆ ಗಲ್ಲಿಯ ತುದಿಯಲ್ಲಿ ಒಂದು ಕಟ್ಟೆ, ಅದರ ಮೇಲೊಂದು ಚಾಪೆ, ಗೋಡೆಗೆ ಒರಗಿದ ಬಿದಿರಿನ ಕಟ್ಟುಗಳು. ಕೆಂಡದಲ್ಲಿ ಐದಾರು ಕಬ್ಬಿಣದ ಸಲಾಕೆ ಕಾಯುತ್ತಿದ್ದವು. ಎಪ್ಪತ್ತು ದಾಟಿದ ಸಣ್ಣ ಮೈಯ ಮನುಷ್ಯ. ನಾನು ಹಿಂದಿಯಲ್ಲಿ ಶುರು ಮಾಡಿದೆ. ನನ್ನ ಹಿಂದಿ ಕೇಳಿದವರಿಗೆ ನಾನು ಎಲ್ಲಿಯವಳೆಂದು ತಿಳಿಯಲು ಎರಡು ವಾಕ್ಯ ಸಾಕು. ಅವರು ನಕ್ಕು, ತಾವು ಹುಮನಾಬಾದಿನವರು, ಕನ್ನಡದಲ್ಲೇ ಹೇಳಿ ಎಂದರು.

ಸಿಂಧುವಿನ ಕೊಳಲನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಒಳಗೆ ನೋಡಿದರು. ಊದಿದರು. ಯಾರು ಮಾಡಿದ್ದೆಂದು ಕೇಳಿ, ಹುಡುಗಿಯೊಬ್ಬಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮಾಡಿದ್ದೆಂದು ತಿಳಿದಾಗ ಹುಬ್ಬೇರಿಸಿದರು. ಸಾಫ್ ಇದೆ ಎಂದರು. ಆಮೇಲೆ ಬಿಳಿ ಐದರದೇ ತಮ್ಮ ಕೊಳಲೊಂದನ್ನು ತೆಗೆದು ನನಗೆ ಕೊಟ್ಟರು. ಊದಿ ನೋಡಿದೆ. ಸಿಂಧುವಿನ ಕೊಳಲಿನಲ್ಲಿ ಪ್ರತಿ ಸ್ವರವೂ ಉಕ್ಕಿನ ಪಟ್ಟಿಯ ಮೇಲಿನ ಗೆರೆಯಂತೆ ಚೊಕ್ಕಟ, ಮೇಲಿನ ಸ್ವರಗಳು ಮಾತ್ರ ಸ್ವಲ್ಪ ತೆಳುವು. ಇವರದರಲ್ಲಿ ಕೆಳಗಿನ ಸ್ವರಗಳು ತುಂಬಿದ ಕೊಡದಂತೆ, ಉಸಿರು ಹೆಚ್ಚುಕಡಿಮೆಯಾದರೂ ಒಡೆಯುವುದಿಲ್ಲ. ನನ್ನ ಫೋನಿನ ಸೂಜಿ ಇಟ್ಟು ನೋಡಿದರೆ ಗಾಂಧಾರ ಒಂದು ಕೂದಲು ಕೆಳಗೆ. ಹೇಳಿದೆ. ಸಾಬರು ಗೋಡೆಗೆ ಒರಗಿಸಿದ್ದ ಹಳೆಯ ತಂಬೂರಿಯನ್ನು ಮೀಟಿ, ಈಗ ಊದಿ ಎಂದರು. ಅದೇ ಗಾಂಧಾರ ತಂತಿಯೊಳಗೆ ಸಕ್ಕರೆ ಕರಗಿದಂತೆ ಕರಗಿತು. ಸೂಜಿಗೆ ತಪ್ಪಾದದ್ದು ತಂಬೂರಿಗೆ ಸರಿಯಾಗಿತ್ತು. ಸಿಂಧುವಿನದು ಸೂಜಿಯ ಗಾಂಧಾರ, ಇವರದು ತಂತಿಯ ಗಾಂಧಾರ. ಕೊಳಲು ಮಾಡುವವರನ್ನು ಹೋಲಿಸುವುದೆಂದರೆ ಇದು ಒಳ್ಳೆಯದು ಅದು ಕೆಟ್ಟದ್ದು ಎಂದು ಮುದ್ರೆ ಒತ್ತುವ ಕೆಲಸ ಅಂದುಕೊಂಡಿದ್ದ ಗೇಜ್ ಮೇಡಂ ಆ ಕಟ್ಟೆಯ ಮೇಲೆ ಫೋನನ್ನು ಚೀಲದೊಳಗಿಟ್ಟಳು.

ಹಾಗಾದರೆ ನನ್ನದೇ ತಪ್ಪು, ನನಗೆ ಕಿವಿ ಇಲ್ಲ ಎಂದೆ. ಸಾಬರು ಎರಡೂ ಕೊಳಲನ್ನು ಕೈಗೆತ್ತಿಕೊಂಡರು. ಬೆನ್ನು ತಿರುಗಿಸಿ ಕೂರಲು ಹೇಳಿದರು. ಗಲ್ಲಿಯ ಕಡೆ ಮುಖ ಮಾಡಿ ಕುಳಿತೆ. ಹಿಂದಿನಿಂದ ಎರಡು ಕೊಳಲನ್ನು ಒಂದಾದ ಮೇಲೊಂದು ಊದಿ, ಯಾವುದರ ಸ್ವರ ಮೇಲೆ ಎಂದು ಕೇಳಿದರು. ಎರಡನೆಯದು ಎಂದೆ. ಮತ್ತೆ ಊದಿದರು. ಮೊದಲನೆಯದು ಎಂದೆ. ಹೀಗೆ ಎಷ್ಟೋ ಸಲ. ಕೊನೆಗೆ ಒಂದೇ ಕೊಳಲನ್ನು ಎರಡು ಸಲ ಊದಿದರು. ಕೊಳಲು ಅದೇ, ಆದರೆ ಎರಡನೆಯ ಸಲ ತುಟಿ ಒಳಗೆ ತಿರುಗಿಸಿದ್ದೀರಿ, ಒಂದು ಎಳೆ ಇಳಿದಿದೆ ಎಂದೆ. ತಿರುಗಿ ನೋಡಿದರೆ ಅವರು ಕೊಳಲನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

“ನಿಮಗ ಕಿವಿ ಇಲ್ಲಂತ ಯಾರ ಅಂದಾರವ್ವಾ?”

ಗದಗಿನ ಅಕ್ಕೋರ ವಿಷಯ ಹೇಳಿದೆ. ಸಾಬರು ಸಲಾಕೆಯಿಂದ ಕೆಂಡ ಕೆದಕುತ್ತ ಕೇಳಿಸಿಕೊಂಡರು.

“ಅವರು ಈಗ ಹೋಗಿರಬೇಕು. ಇದ್ದಿದ್ರ ಒಮ್ಮಿ ಇಲ್ಲಿ ಕರ್ಕೊಂಡು ಬರ್ರಿ ಅಂತಿದ್ದೆ. ನಿಮಗಿರೋದು ಕಿವಿ ಅಲ್ಲ, ತಕ್ಕಡಿ. ಎರಡೂ ಕೊಳಲು ಸರಿ ಅವ, ಊದೋ ಬಾಯಿ ಸರಿ ಅದ. ಇನ್ನ ಉಳಿದದ್ದೇನದ, ಹೇಳ್ರಿ?”

ಉಳಿದದ್ದು ಪೆಟ್ಟಿಗೆ. ಮೂವತ್ಮೂರು ವರ್ಷ ಅಳತೆಗೋಲುಗಳನ್ನೇ ಅನುಮಾನಿಸಿ ಸಂಬಳ ಪಡೆದ ನಾನು, ಎರಡು ಗುರುವಾರ ಅದರ ಮುಂದೆ ಕುಳಿತು, ಅದನ್ನೊಂದು ಬಿಟ್ಟು ಬೇರೆಲ್ಲವನ್ನೂ ಅನುಮಾನಿಸಿದ್ದೆ. ವಾಪಸು ಬರುವಾಗ ಮೆಟ್ರೋದಲ್ಲಿ ಒಬ್ಬಳೇ ನಕ್ಕೆ. ಎದುರಿನವರು ಏನು ತಿಳಿದುಕೊಂಡರೋ. ತಿಳಿದುಕೊಳ್ಳಲಿ, ಅವತ್ತು ನನಗೆ ಕಿವಿ ಬಂದ ದಿನ.

ಆದರೆ ತಂದೆಯ ಪೆಟ್ಟಿಗೆ ಬೇಸೂರಾಗಿದೆ ಎಂದು ಪದ್ಮಾವತಿಬಾಯಿಗೆ ಹೇಳುವುದು ಹೇಗೆ? ಮಂಡಳಿಯವರೆಲ್ಲರ ಮುಂದೆ ಹೇಳುವ ಮಾತಲ್ಲ. ಮಂಗಳವಾರ ಮಧ್ಯಾಹ್ನ ಒಬ್ಬಳೇ ಹೋದೆ. ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ ನನಗೆ, ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರ ಮುಖ ಬಿಗಿಯಿತು. ಮೊದಲು ಕೊಳಲು, ಈಗ ಅಪ್ಪನ ಪೆಟ್ಟಿಗೆಯ ಮೇಲೆ ಬಂತೇ ಮಾತು ಎಂದರು. ನಾನು ಫೋನನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಸೂಜಿ ತೋರಿಸಿ ಗೆಲ್ಲಬಾರದ ಜಾಗ ಅದು. ಸಾ ಮತ್ತು ಪಾ ಎರಡನ್ನೂ ಕೂಡಿಸಿ ಒತ್ತಿ, ನೀವೇ ಕೇಳಿ ಎಂದಷ್ಟೇ ಕೇಳಿಕೊಂಡೆ.

ಮುಚ್ಚಳ ತೆಗೆದು ಒತ್ತಿದರು. ಎರಡೂ ಸ್ವರ ಸೇರಿ ಒಂದೇ ಗೆರೆಯಾಗಿ ನಿಲ್ಲಬೇಕಾದ ಕಡೆ ವೊಂಯ್ ವೊಂಯ್ ಎಂದು ಫ್ಯಾನು ತಿರುಗಿದಂತೆ ತೂಗಾಡುತ್ತಿತ್ತು. ಅವರು ಬೆರಳು ತೆಗೆದು ಮತ್ತೆ ಒತ್ತಿದರು. ಮೂರನೆಯ ಸಲ ಕಣ್ಣು ಮುಚ್ಚಿ ಒತ್ತಿದರು. ಕಣ್ಣು ಮುಚ್ಚಿಕೊಂಡೇ ಹೇಳಿದರು.

“ನನಗೂ ಭಾಳ ದಿನದಿಂದ ಕೇಳಸಾಕತ್ತಿತ್ತು. ಅಪ್ಪನ ಪೆಟಗಿ ಐತಿ, ಅದು ಹೆಂಗ ತಪ್ಪತೈತಿ ಅಂತ ನನ್ನ ಕಿವೀನ ಬೈಕೊಂಡೆ.”

ಒಂದೇ ಕಾಯಿಲೆಯ ಇಬ್ಬರು ಒಂದೇ ಕೋಣೆಯಲ್ಲಿ ವಾರ ವಾರ ಕೂರುತ್ತಿದ್ದೆವು ನೋಡಿ. ಆಮೇಲೆ ಅವರು ನನ್ನನ್ನು ತಡೆಯಲಿಲ್ಲ. ನನ್ನ ಚೀಲದಲ್ಲಿ ಸ್ಕ್ರೂಡ್ರೈವರ್ ಯಾವಾಗಲೂ ಇರುತ್ತದೆ. ಅದನ್ನು ಅವರ ಕೈಗೇ ಕೊಟ್ಟೆ. ತಂದೆಯ ಪೆಟ್ಟಿಗೆಯನ್ನು ಅವರೇ ಬಿಚ್ಚಿದರು. ಒಳಗೆ ಹಿತ್ತಾಳೆಯ ನಾಲಿಗೆಗಳು ಸಾಲಾಗಿ ಮಲಗಿದ್ದವು. ಪಂಚಮದ ನಾಲಿಗೆಯ ತುದಿಯಲ್ಲಿ ಕೆಂಪಗೆ ಏನೋ ಮೆತ್ತಿಕೊಂಡಿತ್ತು. ಕುಂಕುಮ. ವರ್ಷ ವರ್ಷ ದಸರೆಯಲ್ಲಿ ಮನೆಗಳ ಸಂದಿಯಿಂದ ಇಳಿದು, ದೀಪದ ಎಣ್ಣೆಯ ಪಸೆ ಸೇರಿ, ಅಲ್ಲೇ ಗಟ್ಟಿಯಾಗಿ ಕುಳಿತಿತ್ತು. ತುದಿಗೆ ಭಾರವಾದ ನಾಲಿಗೆ ನಿಧಾನವಾಗಿ ಅಲುಗುತ್ತದೆ, ಸ್ವರ ಇಳಿಯುತ್ತದೆ. ಗೇಜ್ ಒರೆಸುವ ಮೆತ್ತನೆಯ ಬ್ರಶ್ಶಿನಿಂದ ನಾನು ಒರೆಸಿದೆ. ಮತ್ತೆ ಕೂಡಿಸಿ ಒತ್ತಿದಾಗ ಸಾ ಪಾ ಎರಡೂ ಒಂದೇ ಗೆರೆಯಾಗಿ ನಿಂತವು. ಪದ್ಮಾವತಿಬಾಯಿ ಬೆರಳು ತೆಗೆಯಲೇ ಇಲ್ಲ, ತಿದಿ ಒತ್ತುತ್ತಲೇ ಇದ್ದರು. ಅವರ ಕಣ್ಣು ತುಂಬಿದ್ದು ಕಂಡರೂ ನಾನು ಸ್ಕ್ರೂಗಳನ್ನು ಎಣಿಸುವವಳಂತೆ ಕೆಳಗೆ ನೋಡಿದೆ.

ಪಂಚಮ ಸರಿಯಾಯಿತು, ಆದರೆ ಪೆಟ್ಟಿಗೆ ಒಟ್ಟಾರೆಯಾಗಿ ಬೇರೆ ಎಲ್ಲ ವಾದ್ಯಗಳಿಗಿಂತ ಸ್ವಲ್ಪ ಮೇಲಕ್ಕೇ ಇತ್ತು. ಹಿಂದಿನ ಕಾಲದಲ್ಲಿ ಯಾರೋ ಹಾಗೆ ಶ್ರುತಿ ಕೂಡಿಸಿದ್ದರು. ಅದನ್ನು ಇಳಿಸಬೇಕೆಂದರೆ ಪ್ರತಿ ನಾಲಿಗೆಯನ್ನೂ ಅರದಿಂದ ಉಜ್ಜಬೇಕು. ಅವರು ಹೆದರಿದ ದನಿಯಲ್ಲಿ ಬೇಕೇ ಎಂದು ಕೇಳಿದರು. ಬೇಡ ಎಂದೆ. ಮೆಹಬೂಬ್ ಸಾಬರಿಗೆ ಫೋನ್ ಮಾಡಿದೆ. ಸಾ ಎಲ್ಲಾದರೂ ಇರಲಿ, ಕೊಳಲು ಅಲ್ಲಿಗೆ ಹೋಗಿ ಕೂರುತ್ತದೆ, ಆದರೆ ಪೆಟ್ಟಿಗೆಯನ್ನು ನಾನೇ ಕಿವಿಯಾರೆ ಕೇಳಬೇಕು ಎಂದರು ಅವರು. ಸಿಂಧುವಿಗೂ ಹೇಳಿದೆ. ಲೆಕ್ಕಕ್ಕೆ ನಾನಿಲ್ಲದೆ ಹೇಗೆ ಆಂಟಿ ಎಂದಳು.

ಶನಿವಾರ ಬೆಳಗ್ಗೆ ಪದ್ಮಾವತಿಬಾಯಿಯ ಬಾಲ್ಕನಿಯಲ್ಲಿ ಇಬ್ಬರು ಕೊಳಲು ಮಾಡುವವರು ಮೊದಲ ಸಲ ಎದುರುಬದುರಾದರು. ಸಾಬರು ತಂದ ಬಿದಿರುಗಳಲ್ಲಿ ಸಿಂಧು ಒಂದನ್ನು ಅಳೆದು ಆರಿಸಿದಳು. ಸಾಬರು ಅಳೆಯದೆ ಆರಿಸಿದ್ದೂ ಅದೇ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಪೆಟ್ಟಿಗೆಯ ಸಾ ಕೇಳಿ ಅವಳು ತೂತಿನ ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತಿಸಿದಳು. ಅವರು ಕಾದ ಸಲಾಕೆಯಿಂದ ಗುರುತಿಗಿಂತ ಚಿಕ್ಕ ತೂತು ಕೊರೆದರು. ದೊಡ್ಡದು ಮಾಡಿದಂತೆಲ್ಲ ಸ್ವರ ಏರುತ್ತದೆ, ಒಮ್ಮೆ ಏರಿದ್ದನ್ನು ಇಳಿಸುವುದು ಕಷ್ಟ. ಹಾಗಾಗಿ ಎಲ್ಲಿ ನಿಲ್ಲಿಸಬೇಕು ಎಂಬುದೇ ಎಲ್ಲ ವಿದ್ಯೆ. ಸಿಂಧು ಫೋನು ತೆಗೆದಳು. ಸಾಬರು ಅದರ ಮೇಲೆ ಮೆಲ್ಲಗೆ ತಮ್ಮ ಅಂಗೈ ಇಟ್ಟು ನನ್ನ ಕಡೆ ತಿರುಗಿದರು.

“ಸಾಕು ಅನ್ನೋದು ನೀವವ್ವಾ. ನೀವು ಅನ್ನೋತನಕ ನಾ ಕೊರೀತೀನಿ.”

ಒಳಗೆ ಪದ್ಮಾವತಿಬಾಯಿ ಸ್ವರ ಹಿಡಿದರು. ಸಾಬರು ಒಂದು ಸುತ್ತು ಕೊರೆದು, ಬೂದಿ ಊದಿ, ನುಡಿಸಿದರು. ಕೆಳಗಿದೆ ಎಂದೆ. ಮತ್ತೊಂದು ಸುತ್ತು. ಇನ್ನೂ ಒಂದು ಎಳೆ. ಮತ್ತೆ. ಎರಡು ದನಿಗಳ ನಡುವಿನ ತೂಗಾಟ ನಿಧಾನವಾಗುತ್ತ, ನಿಧಾನವಾಗುತ್ತ ಬಂದು, ನಿಂತಿತು. ಸಾಕು ಎಂದೆ. ಹಾಗೆ ಆರು ತೂತಿಗೂ ನಾನೇ ಸಾಕು ಎಂದೆ. ಗಾಂಧಾರದಲ್ಲಿ ಮಾತ್ರ ಜಗಳವಾಯಿತು. ಲೆಕ್ಕಕ್ಕೆ ಇನ್ನೂ ಏರಬೇಕು ಎಂದು ಸಿಂಧು, ಆಗಲೇ ಹೆಚ್ಚಾಯಿತು ಎಂದು ಸಾಬರು. ಇದು ಪೆಟ್ಟಿಗೆಯ ಜೊತೆ ಕೂರಬೇಕಾದ ಕೊಳಲು ಎಂದು ನಾನು ಇಬ್ಬರಿಗೂ ಒಪ್ಪಿಗೆಯಾಗದ ಕಡೆ ನಿಲ್ಲಿಸಿದೆ. ಒಳಗಿನಿಂದ ಪದ್ಮಾವತಿಬಾಯಿ, ಈಗ ಕೂತಿತು ನೋಡಿ ಎಂದರು.

ಕೊನೆಯಲ್ಲಿ ಸಿಂಧು ತಡೆಯಲಾರದೆ ಫೋನು ಹೊರತೆಗೆದು, ಪೆಟ್ಟಿಗೆಯ ಸಾ ಕೊಟ್ಟು, ಒಂದೊಂದೇ ಸ್ವರ ಪರೀಕ್ಷಿಸಿದಳು. ಗಾಂಧಾರವೊಂದನ್ನು ಬಿಟ್ಟು ಎಲ್ಲೂ ಸೂಜಿ ನಡು ಬಿಟ್ಟು ಕದಲಲಿಲ್ಲ. ಅವಳು ಫೋನನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ ಹಿಡಿದಳು. ನನ್ನನ್ನು ಬಿಡಲು ಬಂದು ಮೂಲೆಯಲ್ಲಿ ಕುಳಿತಿದ್ದ ನಮ್ಮವರು ಕನ್ನಡಕ ಏರಿಸಿ ನೋಡಿದರು, ಏನು ನೋಡಬೇಕೆಂದು ಗೊತ್ತಿಲ್ಲದಿದ್ದರೂ.

ಕಾರ್ಯಕ್ರಮ ಮಾದಾಪುರದ ಒಂದು ಸಭಾಂಗಣದಲ್ಲಿ. ಒಳಗೆ ಕಾಲಿಟ್ಟೊಡನೆ ನನಗೆ ಗೇಜ್ ರೂಮ್ ನೆನಪಾಯಿತು, ಅಷ್ಟು ಚಳಿ. ಬಿಸಿಲಿನ ಬಾಲ್ಕನಿಯಲ್ಲಿ ಕೂಡಿಸಿದ ಕೊಳಲು ಈ ಚಳಿಯಲ್ಲಿ ಇಳಿಯುತ್ತದೆ, ಪೆಟ್ಟಿಗೆ ಇದ್ದಲ್ಲೇ ಇರುತ್ತದೆ. ಬೇರೆ ಯಾರಾದರೂ ಆಗಿದ್ದರೆ ವೇದಿಕೆಯ ಮೇಲೆ ಗಾಬರಿಯಾಗುತ್ತಿದ್ದರು. ನಾನು ಶಾಲಿನೊಳಗೆ ಕೊಳಲನ್ನು ಎದೆಗವಚಿಕೊಂಡು ಕುಳಿತೆ, ತೂತುಗಳನ್ನೆಲ್ಲ ಮುಚ್ಚಿ ಒಳಗೆ ಬಿಸಿಯುಸಿರು ಬಿಡುತ್ತಿದ್ದೆ. ನಮ್ಮ ಸರದಿ ಬಂದಾಗ ಅದು ಆಗಷ್ಟೇ ಒಲೆಯಿಂದಿಳಿಸಿದ ಹಾಲಿನ ಪಾತ್ರೆಯ ಹಿಡಿಯಷ್ಟು ಬೆಚ್ಚಗಿತ್ತು.

ವಚನವೊಂದು, ಆಮೇಲೆ ದಾಸರ ಪದ. ಮೊದಲ ಸ್ವರಕ್ಕೇ ಕೊಳಲು ಹೇಗೆ ಕೂತಿತೆಂದರೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ ಆ ಎಳೆಯ ಹೆಂಗಸು ತಿರುಗಿ ನನ್ನನ್ನೊಮ್ಮೆ ನೋಡಿ ಇನ್ನೂ ಗಟ್ಟಿಯಾಗಿ ಹಾಡತೊಡಗಿದಳು. ಎಲ್ಲರ ದನಿಯೂ ಬಿಚ್ಚಿಕೊಂಡಿತು. ಸರಿಯಾದ ಪಂಚಮ ಸಿಕ್ಕಿದ್ದೇ ಅವರೂ ಇಷ್ಟು ದಿನ ಗೊತ್ತಿಲ್ಲದೆ ಬಗ್ಗಿಸಿಕೊಂಡಿದ್ದ ಗಂಟಲನ್ನು ನೆಟ್ಟಗೆ ಮಾಡಿಕೊಂಡಿದ್ದರು. ಪದದ ಕೊನೆಯ ಸಾಲನ್ನು ಮೂರು ಸಲ ಹಾಡುವುದು ವಾಡಿಕೆ. ಮೂರನೆಯ ಸಲಕ್ಕೆ ಪದ್ಮಾವತಿಬಾಯಿ ನಾವು ಯಾವತ್ತೂ ಮಾಡಿ ನೋಡಿರದ ಕೆಲಸ ಮಾಡಿದರು. ಮನೆಗಳ ಮೇಲಿನಿಂದ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಪೆಟ್ಟಿಗೆ ಸುಮ್ಮನಾಯಿತು. ಸಭಾಂಗಣದ ತುಂಬ ಹನ್ನೊಂದು ದನಿ, ಅವನ್ನು ಹೊತ್ತ ಒಂದು ಕೊಳಲು. ಸಾಲು ಮುಗಿದು ದನಿಗಳು ನಿಂತ ಮೇಲೂ ನಾನು ಸಾ ಬಿಡಲಿಲ್ಲ. ಆಗ ಅವರು ಒಂದು ಬೆರಳನ್ನು ಮೆತ್ತಗೆ ಬಿಳಿ ಐದರ ಮೇಲೆ ಒತ್ತಿದರು. ಪೆಟ್ಟಿಗೆ ಎಲ್ಲಿ ಸೇರಿಕೊಂಡಿತೋ ನನಗೇ ತಿಳಿಯಲಿಲ್ಲ. ಉಸಿರು ಇನ್ನೂ ಇತ್ತು. ಊದುತ್ತಲೇ ಇದ್ದೆ.